ಹಾಡಿನ ತಳಪಾಯದಲ್ಲಿ ಮರೆಯಾದ ಹೆಸರು

ಮುಂದಿನ ಭಾನುವಾರ ನಿಮ್ಮ ಧರ್ಮಕೇಂದ್ರದ ಗಾಯನವೃಂದ ಹಾಡುವಾಗ ಒಂದು ಪ್ರಯೋಗ ಮಾಡಿ ನೋಡಿರಿ. ರಾಗವನ್ನು ಎತ್ತಿ ಹಾಡುವ ಸೊಪ್ರಾನೊ ಧ್ವನಿಗಳ ಕಡೆಗೆ ಗಮನ ಕೊಡದೆ, ಹಿಂದಿನ ಸಾಲಿನಲ್ಲಿ ನಿಂತು ತಗ್ಗಿನ ಸ್ವರದಲ್ಲಿ ಹಾಡುವ ನಾಲ್ಕಾರು ಗಂಡಸರ ಧ್ವನಿಯನ್ನು ಮಾತ್ರ ಹಿಂಬಾಲಿಸಿರಿ. ಮೊದಮೊದಲು ಇದು ಕಷ್ಟವೆನಿಸುತ್ತದೆ. ಕಿವಿ ಮತ್ತೆ ಮತ್ತೆ ಮೇಲಿನ ರಾಗದ ಕಡೆಗೇ ಓಡುತ್ತದೆ. ಆದರೆ ಎರಡು ಮೂರು ಚರಣಗಳು ಮುಗಿಯುವ ಹೊತ್ತಿಗೆ ಒಂದು ಸತ್ಯ ಮನಸ್ಸಿಗೆ ಹೊಳೆಯುತ್ತದೆ. ಮೇಲಿನ ಸ್ವರಗಳು ಎಲ್ಲಿಗೆ ಹೋಗಿ ಎಲ್ಲಿ ಇಳಿಯಬೇಕೆಂಬುದನ್ನು ಈ ತಗ್ಗಿನ ಸ್ವರವೇ ತೋರಿಸಿಕೊಡುತ್ತಿದೆ ಎಂಬುದೇ ಆ ಸತ್ಯ. ಹಿಂದಿನ ಸಾಲಿನವರು ಒಂದು ಭಾನುವಾರ ಬಾರದೇ ಹೋದರೆ ಹಾಡು ನಿಂತುಹೋಗುವುದಿಲ್ಲ. ಆದರೆ ಏನೋ ಖಾಲಿಯಾಗಿದೆ ಎಂದು ಎಲ್ಲರಿಗೂ ಅನಿಸುತ್ತದೆ. ಏನು ಖಾಲಿಯಾಗಿದೆ ಎಂದು ಹೇಳಬಲ್ಲವರು ಮಾತ್ರ ಕೆಲವರೇ.

ಈ ತಗ್ಗಿನ ಸ್ವರಕ್ಕೆ ಪಾಶ್ಚಾತ್ಯ ಸಂಗೀತದಲ್ಲಿ ಬೇಸ್ ಎಂದು ಹೆಸರು. ಈ ಸ್ವರವನ್ನು ನುಡಿಸುವುದನ್ನೇ ತನ್ನ ಬಾಳಿನ ಕಾಯಕವನ್ನಾಗಿ ಮಾಡಿಕೊಂಡ ಒಬ್ಬ ಮನುಷ್ಯನ ಕಥೆಯನ್ನು ಇಲ್ಲಿ ನಿಮ್ಮ ಮುಂದಿಡಬೇಕೆಂದಿದ್ದೇನೆ. ಅವರ ವಾದನವನ್ನು ಪ್ರಪಂಚದ ಕೋಟ್ಯಂತರ ಜನರು ಕೇಳಿದ್ದಾರೆ. ಬಹುಶಃ ನೀವೂ ಕೇಳಿರುತ್ತೀರಿ. ಆದರೆ ಅವರ ಬದುಕಿನ ಬಹುಭಾಗದಲ್ಲಿ ಅವರ ಹೆಸರನ್ನು ಬಲ್ಲವರು ಬೆರಳೆಣಿಕೆಯ ಮಂದಿ ಮಾತ್ರ.

ಶ್ರುತಿಯೂ ಹೌದು, ಲಯವೂ ಹೌದು

ಕಥೆಗೆ ಮುನ್ನ ಆ ವಾದ್ಯದ ಪರಿಚಯ ಅಗತ್ಯ. ನಮ್ಮ ಸಂಗೀತಗಾರರು ಶ್ರುತಿಯನ್ನು ತಾಯಿಗೂ ಲಯವನ್ನು ತಂದೆಗೂ ಹೋಲಿಸುತ್ತಾರೆ. ನಮ್ಮ ಕಛೇರಿಗಳಲ್ಲಿ ಶ್ರುತಿಯ ಹೊಣೆ ತಂಬೂರಿಯದು, ಲಯದ ಹೊಣೆ ಮೃದಂಗದ್ದು ಅಥವಾ ತಬಲದ್ದು. ಪಾಶ್ಚಾತ್ಯ ವಾದ್ಯಗೋಷ್ಠಿಯಲ್ಲಿ ಬೇಸ್ ವಾದಕನು ಈ ಎರಡು ಹೊಣೆಗಳ ನಡುವೆ ನಿಂತಿರುತ್ತಾನೆ. ಹಾಡು ಈಗ ಯಾವ ಸ್ವರದ ಮೇಲೆ ನೆಲೆ ನಿಂತಿದೆ ಎಂಬುದನ್ನು ಅವನು ಗಾಯಕನಿಗೆ ತಿಳಿಸುತ್ತಾನೆ. ಅದೇ ಗಳಿಗೆಯಲ್ಲಿ ಡ್ರಮ್ಸ್ ವಾದಕನ ಕೈ ಹಿಡಿದು ತಾಳವನ್ನು ಕಾಯುತ್ತಾನೆ. ಗಿಟಾರಿನವನು ಒಂದು ಸ್ವರ ತಪ್ಪಿದರೆ ಅದು ಅವನೊಬ್ಬನ ತಪ್ಪು. ಬೇಸ್ ತಪ್ಪಿದರೆ ಉಳಿದವರೆಲ್ಲರೂ ತಪ್ಪಿದಂತೆ ಕೇಳಿಸುತ್ತದೆ.

ಶತಮಾನಗಳ ಹಿಂದಿನಿಂದಲೂ ಯುರೋಪಿನ ಸಂಗೀತ ಇದನ್ನು ಅರಿತಿತ್ತು. ಜೋಹಾನ್ ಸೆಬಾಸ್ಟಿಯನ್ ಬಾಖ್ ಅವರ ಕಾಲದ ರಚನಕಾರರು ತಗ್ಗಿನ ಸ್ವರಗಳ ಸಾಲನ್ನು ಬರೆದು, ಅದರ ಮೇಲೋ ಕೆಳಗೋ ಕೆಲವು ಅಂಕಿಗಳನ್ನಷ್ಟೇ ಗುರುತಿಸಿಬಿಡುತ್ತಿದ್ದರು. ಆರ್ಗನ್ ಅಥವಾ ಹಾರ್ಪ್ಸಿಕಾರ್ಡ್ ನುಡಿಸುವವರು ಆ ಅಂಕಿಗಳನ್ನು ನೋಡಿ ಮೇಲಿನ ಸ್ವರಮೇಳವನ್ನು ತಾವೇ ಕಟ್ಟಿಕೊಳ್ಳುತ್ತಿದ್ದರು. ತಳಪಾಯ ಸರಿಯಾಗಿದ್ದರೆ ಗೋಡೆಯನ್ನು ನಂಬಿಕೆಯಿಂದ ಎಬ್ಬಿಸಬಹುದು ಎಂಬುದು ಅವರ ತಿಳುವಳಿಕೆಯಾಗಿತ್ತು.

ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ನೃತ್ಯ ತಂಡಗಳಲ್ಲಿ ಮತ್ತು ಜಾಝ್ ತಂಡಗಳಲ್ಲಿ ಈ ಕೆಲಸ ಮಾಡುತ್ತಿದ್ದುದು ಡಬಲ್ ಬೇಸ್, ಅಂದರೆ ಆಳೆತ್ತರದ ಪಿಟೀಲು. ಅದನ್ನು ಊರಿಂದೂರಿಗೆ ಸಾಗಿಸುವುದೇ ಒಂದು ಸಾಹಸ. ಜೊತೆಗೆ ಉಳಿದ ವಾದ್ಯಗಳ ಗದ್ದಲದಲ್ಲಿ ಅದರ ನಾದ ಮುಳುಗಿಹೋಗುತ್ತಿತ್ತು. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಎಂಬವರು ಇದಕ್ಕೊಂದು ಪರಿಹಾರ ಕಂಡುಹಿಡಿದರು. ಮೂಲತಃ ರೇಡಿಯೋ ರಿಪೇರಿ ಮಾಡುತ್ತಿದ್ದ ಅವರು, ಗಿಟಾರಿನಂತೆ ಕೊರಳಿಗೆ ತೂಗುಹಾಕಿಕೊಂಡು ನುಡಿಸಬಹುದಾದ ನಾಲ್ಕು ತಂತಿಗಳ ವಿದ್ಯುತ್ ಬೇಸನ್ನು ಮಾರುಕಟ್ಟೆಗೆ ತಂದರು. ವಿದ್ಯುತ್ ಬೇಸ್ ಮಾಡುವ ಪ್ರಯತ್ನಗಳು 1930ರ ದಶಕದಲ್ಲೇ ನಡೆದಿದ್ದರೂ ಜನರ ಕೈಗೆ ವ್ಯಾಪಕವಾಗಿ ತಲುಪಿದ್ದು ಫೆಂಡರರ ವಾದ್ಯವೇ. ಅದರ ಹಿಡಿಯ ಮೇಲೆ ನಮ್ಮ ವೀಣೆಗಿರುವಂತೆ ಮೆಟ್ಟಿಲುಗಳಿದ್ದವು. ಆದ್ದರಿಂದ ಸ್ವರಗಳು ಕರಾರುವಾಕ್ಕಾಗಿ ಬೀಳುತ್ತಿದ್ದವು. ಈ ಕಾರಣಕ್ಕೇ ಅದಕ್ಕೆ ಪ್ರಿಸಿಷನ್ ಬೇಸ್ ಎಂದು ಹೆಸರಾಯಿತು. ಅದರ ಅತ್ಯಂತ ದಪ್ಪನೆಯ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಮಾತ್ರ ಕಂಪಿಸುತ್ತದೆ. ವಾದ್ಯಗೋಷ್ಠಿಯವರು ಶ್ರುತಿ ಸೇರಿಸಿಕೊಳ್ಳುವ ಸ್ವರದ ಕಂಪನ 440 ಎಂಬುದನ್ನು ನೆನೆದರೆ ಈ ನಾದ ಎಷ್ಟು ತಗ್ಗಿನದೆಂದು ತಿಳಿಯುತ್ತದೆ. ಕಿವಿಗಿಂತಲೂ ಹೆಚ್ಚಾಗಿ ಎದೆಗೆ ಕೇಳಿಸುವ ನಾದವಿದು.

ಡೆಟ್ರಾಯಿಟ್ ನಗರದ ಒಂದು ಮನೆ

ಈಗ ನಾವು ಅಮೆರಿಕದ ಉತ್ತರ ಭಾಗದಲ್ಲಿರುವ ಡೆಟ್ರಾಯಿಟ್ ನಗರಕ್ಕೆ ಹೋಗೋಣ. ಮೋಟಾರು ಕಾರುಗಳ ಕಾರ್ಖಾನೆಗಳಿಗೆ ಹೆಸರಾದ ಈ ಊರಿಗೆ ಕಳೆದ ಶತಮಾನದ ಮೊದಲ ಭಾಗದಿಂದಲೇ ದಕ್ಷಿಣದ ರಾಜ್ಯಗಳಿಂದ ಕಪ್ಪು ಜನಾಂಗದವರು ಗುಂಪು ಗುಂಪಾಗಿ ವಲಸೆ ಬಂದರು. ಹತ್ತಿಯ ಹೊಲಗಳ ಬಡತನ ಮತ್ತು ವರ್ಣಭೇದದ ಕಾನೂನುಗಳಿಂದ ಪಾರಾಗಿ ಕಾರ್ಖಾನೆಯ ಕೂಲಿ ಸಿಕ್ಕರೆ ಸಾಕೆಂಬುದು ಅವರ ಆಸೆ. ಅವರೊಂದಿಗೆ ಅವರ ಚರ್ಚುಗಳ ಗಾಸ್ಪೆಲ್ ಹಾಡುಗಳೂ ಬಂದವು.

ಅಂಥ ಕುಟುಂಬವೊಂದರಲ್ಲಿ ಹುಟ್ಟಿದ ಬೆರ್ರಿ ಗಾರ್ಡಿ ಎಂಬ ಯುವಕ ಕೆಲಕಾಲ ಕಾರು ಜೋಡಿಸುವ ಕಾರ್ಖಾನೆಯಲ್ಲಿ ದುಡಿದವರು. 1959ರಲ್ಲಿ ತಮ್ಮ ಮನೆಯವರ ಉಳಿತಾಯ ನಿಧಿಯಿಂದ 800 ಡಾಲರ್ ಸಾಲ ಪಡೆದು ಅವರು ಧ್ವನಿಮುದ್ರಿಕೆಗಳ ಸಂಸ್ಥೆಯೊಂದನ್ನು ಆರಂಭಿಸಿದರು. ಅದೇ ಮುಂದೆ ಮೋಟೌನ್ ಎಂದು ಜಗತ್ಪ್ರಸಿದ್ಧವಾಯಿತು. ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್ ರಸ್ತೆಯ 2648ನೆಯ ಸಂಖ್ಯೆಯ ಸಾಧಾರಣ ಮನೆಯೇ ಅವರ ಕಚೇರಿ. ಅದರ ಹಿಂಭಾಗದಲ್ಲಿ, ಹಿಂದೆ ಛಾಯಾಗ್ರಾಹಕರೊಬ್ಬರು ಬಳಸುತ್ತಿದ್ದ ಜಾಗವೇ ಧ್ವನಿಮುದ್ರಣದ ಕೊಠಡಿ. ಚಾವಣಿಯಿಂದ ತಂತಿಗಳು ಜೋತಾಡುತ್ತಿದ್ದುದರಿಂದ ವಾದಕರು ಆ ಕೊಠಡಿಯನ್ನು ಹಾವುಗಳ ಗುಂಡಿ ಎಂದು ಕರೆಯುತ್ತಿದ್ದರು. ಕಾರ್ಖಾನೆಯಲ್ಲಿ ಕಚ್ಚಾ ಕಬ್ಬಿಣ ಒಂದು ತುದಿಯಿಂದ ಒಳಹೊಕ್ಕು ಇನ್ನೊಂದು ತುದಿಯಿಂದ ಹೊಸ ಕಾರಾಗಿ ಹೊರಬರುವಂತೆ, ಬೀದಿಯ ಹುಡುಗ ಹುಡುಗಿಯರು ಒಂದು ಬಾಗಿಲಿಂದ ಬಂದು ಇನ್ನೊಂದು ಬಾಗಿಲಿಂದ ತಾರೆಗಳಾಗಿ ಹೊರಹೋಗಬೇಕೆಂಬುದು ಗಾರ್ಡಿಯವರ ಕನಸು. ಆ ಕನಸು ನನಸಾಯಿತು. ಸ್ಟೀವಿ ವಂಡರ್, ಮಾರ್ವಿನ್ ಗೇ, ಡಯಾನಾ ರಾಸ್ ಇದ್ದ ಸುಪ್ರೀಮ್ಸ್, ಟೆಂಪ್ಟೇಷನ್ಸ್, ಫೋರ್ ಟಾಪ್ಸ್ ಮುಂತಾದವರ ಹಾಡುಗಳು ಆ ಪುಟ್ಟ ಕೊಠಡಿಯಿಂದಲೇ ಹೊರಟವು. ಕರಿಯರು, ಬಿಳಿಯರು ಎಂಬ ಭೇದವಿಲ್ಲದೆ ಅಮೆರಿಕದ ಯುವಜನರೆಲ್ಲ ಅವುಗಳನ್ನು ಕೊಂಡು ಕೇಳಿದರು. ಒಂದೇ ಊಟದ ಮೇಜಿನಲ್ಲಿ ಕೂರಲು ಕಾನೂನು ಬಿಡದಿದ್ದ ಊರುಗಳಲ್ಲೂ ಒಂದೇ ಹಾಡು ಎಲ್ಲರ ಮನೆಯನ್ನು ಹೊಕ್ಕಿತು.

ಗಾಯಕರು ಬದಲಾಗುತ್ತಿದ್ದರು. ಆದರೆ ಅವರ ಹಿಂದೆ ನುಡಿಸುತ್ತಿದ್ದ ವಾದಕರ ತಂಡ ಹೆಚ್ಚುಕಡಿಮೆ ಒಂದೇ ಆಗಿತ್ತು. ತಮ್ಮನ್ನು ತಾವು ಫಂಕ್ ಬ್ರದರ್ಸ್ ಎಂದು ಕರೆದುಕೊಳ್ಳುತ್ತಿದ್ದ ಈ ತಂಡದಲ್ಲಿ ಪಿಯಾನೋದ ಅರ್ಲ್ ವ್ಯಾನ್ ಡೈಕ್, ಡ್ರಮ್ಸ್‌ನ ಬೆನ್ನಿ ಬೆಂಜಮಿನ್, ಗಿಟಾರಿನ ರಾಬರ್ಟ್ ವೈಟ್, ಎಡ್ಡಿ ವಿಲ್ಲಿಸ್, ಜೋ ಮೆಸ್ಸಿನಾ ಮೊದಲಾದವರಿದ್ದರು. ಹಗಲೆಲ್ಲ ಸ್ಟುಡಿಯೋದಲ್ಲಿ ದುಡಿದು ರಾತ್ರಿ ಊರಿನ ಕ್ಲಬ್ಬುಗಳಲ್ಲಿ ತಮಗೆ ಪ್ರಿಯವಾದ ಜಾಝ್ ನುಡಿಸುವುದು ಅವರ ದಿನಚರಿ. ಈ ತಂಡದ ಬೇಸ್ ವಾದಕರೇ ನಮ್ಮ ಕಥಾನಾಯಕರಾದ ಜೇಮ್ಸ್ ಜೇಮರ್ಸನ್.

ಒಂದೇ ಬೆರಳಿನ ವಾದಕ

ಜೇಮರ್ಸನ್ 1936ರ ಜನವರಿ 29ರಂದು ದಕ್ಷಿಣ ಕ್ಯಾರೊಲಿನಾ ರಾಜ್ಯದಲ್ಲಿ ಹುಟ್ಟಿದರು. ಅವರ ಬಾಲ್ಯದಲ್ಲಿ ಅಜ್ಜಿ ಪಿಯಾನೋ ನುಡಿಸುತ್ತಿದ್ದರು. ಅತ್ತೆ ಚರ್ಚಿನ ಗಾಯನವೃಂದದಲ್ಲಿ ಹಾಡುತ್ತಿದ್ದರು. ತಾಯಿ ಕೆಲಸ ಹುಡುಕಿಕೊಂಡು ಉತ್ತರಕ್ಕೆ ಹೋದರು. 1954ರಲ್ಲಿ ಮಗನೂ ಅವರನ್ನು ಸೇರಿಕೊಂಡು ಡೆಟ್ರಾಯಿಟ್ ಹೈಸ್ಕೂಲಿನ ವಿದ್ಯಾರ್ಥಿಯಾದ. ಶಾಲೆಯಲ್ಲಿದ್ದ ಡಬಲ್ ಬೇಸ್ ಅವನ ಕೈಗೆ ಬಂತು. ಅಗಲವಾದ ಅಂಗೈ, ಬಲವಾದ ಬೆರಳುಗಳು ಆ ದೊಡ್ಡ ವಾದ್ಯಕ್ಕೆ ಹೇಳಿ ಮಾಡಿಸಿದಂತಿದ್ದವು. ಶಾಲೆ ಮುಗಿಯುವ ಮುನ್ನವೇ ಮದುವೆ ಮನೆಗಳಲ್ಲಿ, ಜಾಝ್ ಕ್ಲಬ್ಬುಗಳಲ್ಲಿ ನುಡಿಸಲು ಕರೆ ಬರತೊಡಗಿತು. 1959ರ ಹೊತ್ತಿಗೆ ಅವರು ಗಾರ್ಡಿಯವರ ಸ್ಟುಡಿಯೋ ಸೇರಿದ್ದರು.

ಕೆಲವು ವರ್ಷಗಳಲ್ಲಿ ಅವರು ವಿದ್ಯುತ್ ಬೇಸಿಗೆ ಬದಲಾದರು. 1962ರ ಫೆಂಡರ್ ಪ್ರಿಸಿಷನ್ ಅವರ ಮುಖ್ಯ ವಾದ್ಯವಾಯಿತು. ಆದರೆ ಡಬಲ್ ಬೇಸಿನ ಪಾಠವನ್ನು ಕೈ ಮರೆಯಲಿಲ್ಲ. ಬಲಗೈಯ ತೋರುಬೆರಳೊಂದರಿಂದಲೇ ಅವರು ತಂತಿಯನ್ನು ಮೀಟುತ್ತಿದ್ದರು. ಅದನ್ನು ನೋಡಿ ಸಂಗಡಿಗರು ಆ ಬೆರಳಿಗೆ ಕೊಕ್ಕೆ ಎಂದು ಅಡ್ಡಹೆಸರಿಟ್ಟರು. ಹೊಸ ತಂತಿ ಹಾಕಿದರೆ ನಾದ ಕೆಡುತ್ತದೆಂಬುದು ಅವರ ಗಟ್ಟಿ ನಂಬಿಕೆ. ಆದ್ದರಿಂದ ತುಂಡಾಗುವವರೆಗೂ ತಂತಿಯನ್ನು ಬದಲಿಸುತ್ತಿರಲಿಲ್ಲ. ವರ್ಷಗಟ್ಟಲೆ ಕೈಯ ಬೆವರು, ಧೂಳು ಕೂಡಿ ಆ ದಪ್ಪ ತಂತಿಗಳು ಮೊಂಡಾದ, ಮೆತ್ತನೆಯ, ತುಂಬಿದ ನಾದವನ್ನು ಕೊಡುತ್ತಿದ್ದವು. ವಾದ್ಯದ ಬುಡದಲ್ಲಿ ಒತ್ತಿಟ್ಟ ಸ್ಪಂಜಿನ ತುಂಡು ಸ್ವರವನ್ನು ಬೇಗನೆ ತಡೆದು ಮುಂದಿನ ಸ್ವರಕ್ಕೆ ದಾರಿ ಮಾಡಿಕೊಡುತ್ತಿತ್ತು. ಇನ್ನು ಧ್ವನಿಮುದ್ರಣದಲ್ಲಿ ಮೈಕು ಇಡುವ ಪದ್ಧತಿಯನ್ನು ಬಿಟ್ಟು, ವಾದ್ಯದ ತಂತಿಯನ್ನು ನೇರವಾಗಿ ಮುದ್ರಣ ಯಂತ್ರದ ಮೇಜಿಗೇ ಜೋಡಿಸುತ್ತಿದ್ದರು. ಕೊಠಡಿಯ ಗದ್ದಲ ಬೆರೆಯದೆ ಬೆರಳಿನ ಮಾತು ಮಾತ್ರ ಟೇಪಿಗೆ ಇಳಿಯುತ್ತಿತ್ತು.

ಆದರೆ ಉಪಕರಣಗಳಿಂದಷ್ಟೇ ಸಂಗೀತ ಹುಟ್ಟುವುದಿಲ್ಲ. ಅಂದಿನ ಹಾಡುಗಳಲ್ಲಿ ಬೇಸ್ ಎಂದರೆ ಪ್ರತಿ ತಾಳಕ್ಕೊಂದು ಸ್ವರ, ಗೋಡೆ ಗಡಿಯಾರದ ಟಿಕ್‌ಟಿಕ್‌ನಂತೆ. ಜೇಮರ್ಸನ್ ಅದನ್ನು ಮಾತನಾಡಿಸಿದರು. ಎಷ್ಟೋ ಸಲ ಅವರ ಮುಂದಿರುತ್ತಿದ್ದುದು ಸ್ವರಮೇಳಗಳ ಹೆಸರು ಬರೆದ ಒಂದು ಹಾಳೆ ಮಾತ್ರ. ಒಂದು ಸ್ವರಮೇಳದಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಅವರು ನಡುವಿನ ಸ್ವರಗಳನ್ನು ಮೆಟ್ಟಿಲುಗಳಾಗಿ ಬಳಸುತ್ತಿದ್ದರು. ಪೆಟ್ಟು ಬೀಳಬೇಕಾದ ಕಡೆ ಮೌನವಾಗಿದ್ದು, ಯಾರೂ ಎಣಿಸದ ಎಡೆಯಲ್ಲಿ ಪೆಟ್ಟು ಕೊಡುತ್ತಿದ್ದರು. ಟೆಂಪ್ಟೇಷನ್ಸ್ ತಂಡದ ‘ಮೈ ಗರ್ಲ್’ ಹಾಡಿನ ಆರಂಭವನ್ನು ಕೇಳಿರಿ. ಮೊದಲು ಹೆಜ್ಜೆ ಇಡುವುದು ಬೇಸ್. ಅದು ಕೆಲವೇ ಸ್ವರಗಳ ಅತಿ ಸರಳ ನಡಿಗೆ. ಅನಂತರ 1968ರಲ್ಲಿ ಬಿಡುಗಡೆಯಾದ, ಸ್ಟೀವಿ ವಂಡರ್ ಹಾಡಿದ ‘ಫಾರ್ ಒನ್ಸ್ ಇನ್ ಮೈ ಲೈಫ್’ ಹಾಡನ್ನು ಕೇಳಿರಿ. ಅಲ್ಲಿ ಬೇಸ್ ಮೊದಲಿನಿಂದ ಕೊನೆಯವರೆಗೆ ಹೊಸ ಹೊಸ ತಿರುವುಗಳನ್ನು ಕಾಣುತ್ತಾ ಸಾಗುತ್ತದೆ, ಆದರೂ ಗಾಯಕನ ಧ್ವನಿಗೆ ಒಮ್ಮೆಯೂ ಅಡ್ಡ ಬರುವುದಿಲ್ಲ. ಎಲ್ಲಿ ಸುಮ್ಮನಿರಬೇಕು, ಎಲ್ಲಿ ತುಂಬಿ ಕೊಡಬೇಕು ಎಂಬ ವಿವೇಕವೇ ಒಳ್ಳೆಯ ವಾದಕನ ಗುರುತು. ಈ ಎರಡು ಹಾಡುಗಳಲ್ಲಿ ಆ ವಿವೇಕದ ಎರಡು ಮುಖಗಳನ್ನೂ ಕಾಣಬಹುದು.

ಲಕೋಟೆಯ ಮೇಲಿಲ್ಲದ ಹೆಸರು

ಇಷ್ಟಾದರೂ ಧ್ವನಿಮುದ್ರಿಕೆಯ ಲಕೋಟೆಯ ಮೇಲೆ ಜೇಮರ್ಸನ್ ಹೆಸರಿರಲಿಲ್ಲ. ಫಂಕ್ ಬ್ರದರ್ಸ್‌ನ ಯಾರ ಹೆಸರೂ ಇರಲಿಲ್ಲ. ಗಾಯಕರ ಹೆಸರು, ರಚನಕಾರರ ಹೆಸರು, ಸಂಸ್ಥೆಯ ಹೆಸರು, ಇಷ್ಟೇ.

ಇಲ್ಲಿ ನಾವು ಅವಸರದಿಂದ ತೀರ್ಪು ಕೊಡಬಾರದು. ಹಿನ್ನೆಲೆ ವಾದಕರ ಹೆಸರು ಅಚ್ಚು ಹಾಕದಿರುವುದು ಆ ಕಾಲದ ಇಡೀ ಉದ್ಯಮದ ರೂಢಿಯಾಗಿತ್ತು. ಹಣದ ವಿಷಯದಲ್ಲಿಯೂ ಜೇಮರ್ಸನ್ ಸದಾ ಬರಿಗೈಯಲ್ಲಿದ್ದರೆಂದು ಹೇಳಲಾಗದು. ಆರಂಭದ ಕೂಲಿ ಅತ್ಯಲ್ಪವಾಗಿದ್ದರೂ, 1968ರ ಹೊತ್ತಿಗೆ ಸಂಸ್ಥೆ ಅವರಿಗೆ ವಾರಕ್ಕೆ 1000 ಡಾಲರುಗಳನ್ನು ಕೊಡುತ್ತಿತ್ತು. ಅಂದಿನ ಕಾಲಕ್ಕೆ ಅದು ದೊಡ್ಡ ಸಂಬಳವೇ. ಆದರೆ ಕೂಲಿ ಬೇರೆ, ಹಕ್ಕು ಬೇರೆ. ಹಾಡು ಎಷ್ಟು ಲಕ್ಷ ಪ್ರತಿ ಮಾರಾಟವಾದರೂ ವಾದಕನಿಗೆ ಅದರಲ್ಲಿ ಪಾಲಿರಲಿಲ್ಲ. ಹಾಗೆಯೇ ಹಣ ಬೇರೆ, ಹೆಸರು ಬೇರೆ. ತಾನು ಕಟ್ಟಿದ ಮನೆಯ ಮುಂದೆ ನಿಂತು ಇದು ನನ್ನ ಕೈಕೆಲಸ ಎಂದು ಹೇಳಿಕೊಳ್ಳಲು ಯಾವ ಕುಶಲಕರ್ಮಿಗೆ ತಾನೆ ಆಸೆಯಿರುವುದಿಲ್ಲ?

ಆದರೆ ಲಕೋಟೆ ಮುಚ್ಚಿಟ್ಟುದನ್ನು ಕಿವಿ ಕಂಡುಹಿಡಿಯಿತು. ಬೇಸ್ ವಾದಕರು ಎಲ್ಲಿ ಕಲೆತರೂ ಅವರ ಮಾತು ಕೊನೆಗೆ ಕೆಲವೇ ವಿಷಯಗಳಿಗೆ ಬಂದು ನಿಲ್ಲುತ್ತದೆ. ಆ ಹಾಡಿನ ನಾದವನ್ನು ಹೇಗೆ ಮುದ್ರಿಸಿದರು? ಆ ತಿರುವನ್ನು ಯಾವ ಬೆರಳಿನಿಂದ ನುಡಿಸಿದರು? ನುಡಿಸಿದವನು ಯಾರು? 1960ರ ದಶಕದಲ್ಲಿ ಈ ಪ್ರಶ್ನೆಗಳು ಮತ್ತೆ ಮತ್ತೆ ಸುತ್ತುವರಿದದ್ದು ಡೆಟ್ರಾಯಿಟ್‌ನಿಂದ ಬರುತ್ತಿದ್ದ ಹಾಡುಗಳನ್ನು.

ಅಟ್ಲಾಂಟಿಕ್ ಸಾಗರದ ಆಚೆ ಇಂಗ್ಲೆಂಡಿನಲ್ಲಿ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿಯವರೂ ಆ ಹಾಡುಗಳನ್ನು ಕಿವಿಗೊಟ್ಟು ಕೇಳುತ್ತಿದ್ದರು. ಮೆಕಾರ್ಟ್ನಿ ಮೂಲತಃ ಗಿಟಾರ್ ವಾದಕರು. 1961ರಲ್ಲಿ ತಂಡದ ಬೇಸ್ ವಾದಕ ಬಿಟ್ಟುಹೋದಾಗ, ಬೇರೆ ಯಾರಿಗೂ ಬೇಡವಾದ ಆ ವಾದ್ಯ ಅವರ ಪಾಲಿಗೆ ಬಂತು. ಡೆಟ್ರಾಯಿಟ್ ಹಾಡುಗಳ ತುಂಬಿದ ಬೇಸ್ ತಮ್ಮ ಮುದ್ರಿಕೆಗಳಲ್ಲಿ ಏಕಿಲ್ಲವೆಂಬುದು ಅವರ ಚಿಂತೆ. ಅದಕ್ಕೊಂದು ಯಾಂತ್ರಿಕ ಕಾರಣವಿತ್ತು. ಗ್ರಾಮಫೋನ್ ತಟ್ಟೆಯಲ್ಲಿ ತಗ್ಗಿನ ನಾದ ಅಗಲವಾದ ಗೆರೆಯನ್ನು ಕೊರೆಯುತ್ತದೆ. ಅದು ಮಿತಿ ಮೀರಿದರೆ ಮುಳ್ಳು ಎಗರಿಬಿಡುತ್ತದೆ. ಈ ಭಯದಿಂದ ತಂತ್ರಜ್ಞರು ಬೇಸನ್ನು ಅಡಗಿಸಿಡುತ್ತಿದ್ದರು. 1966ರಲ್ಲಿ ‘ಪೇಪರ್‌ಬ್ಯಾಕ್ ರೈಟರ್’ ಹಾಡಿಗಾಗಿ ಲಂಡನ್ನಿನ ತಂತ್ರಜ್ಞರು ಒಂದು ಉಪಾಯ ಮಾಡಿದರು. ದೊಡ್ಡ ಧ್ವನಿವರ್ಧಕವೊಂದನ್ನೇ ಮೈಕಿನಂತೆ ತಿರುಗಿಸಿಟ್ಟು ಬೇಸಿನ ನಾದವನ್ನು ಹಿಡಿದರು. ಆ ದಿನಗಳಲ್ಲಿ ತಮ್ಮ ಮೇಲೆ ಪ್ರಭಾವ ಬೀರಿದವರಲ್ಲಿ ಜೇಮರ್ಸನ್ ಪ್ರಮುಖರೆಂದು ಮೆಕಾರ್ಟ್ನಿ ಮುಂದೆ ಹೇಳಿದ್ದಾರೆ. ಆದರೆ ಅವರ ಹೆಸರು ತಮಗೆ ತಿಳಿದದ್ದು ಬಹಳ ತಡವಾಗಿ ಎಂಬುದನ್ನೂ ಒಪ್ಪಿಕೊಂಡಿದ್ದಾರೆ. ಯೋಚಿಸಿ ನೋಡಿರಿ: ಶಿಷ್ಯ ಜಗತ್ತಿಗೆಲ್ಲ ಪರಿಚಿತ, ಗುರುವಿನ ಹೆಸರು ಆ ಶಿಷ್ಯನಿಗೇ ಅಪರಿಚಿತ.

ಇದು ಡೆಟ್ರಾಯಿಟ್ ಒಂದರ ಕಥೆಯಲ್ಲ. 1935ರಲ್ಲಿ ಹುಟ್ಟಿದ ಕೆರೊಲ್ ಕೇ ಎಂಬ ಮಹಿಳೆ ಲಾಸ್ ಏಂಜಲೀಸ್ ನಗರದಲ್ಲಿ ಗಿಟಾರ್ ನುಡಿಸಿ ಸಂಸಾರ ಸಾಕುತ್ತಿದ್ದರು. 1963ರಲ್ಲಿ ಒಂದು ದಿನ ಸ್ಟುಡಿಯೋಗೆ ಬರಬೇಕಾಗಿದ್ದ ಬೇಸ್ ವಾದಕ ಬರಲಿಲ್ಲ. ಅವರ ಸ್ಥಾನದಲ್ಲಿ ಕೇ ನುಡಿಸಿದರು. ಅಲ್ಲಿಂದ ಮುಂದೆ, ಬಹುತೇಕ ಗಂಡಸರೇ ತುಂಬಿದ್ದ ಆ ಕೊಠಡಿಗಳಲ್ಲಿ ಅವರು ಅತಿ ಹೆಚ್ಚು ಬೇಡಿಕೆಯ ಬೇಸ್ ವಾದಕಿಯಾದರು. ಬೀಚ್ ಬಾಯ್ಸ್ ತಂಡದ 1966ರ ಪ್ರಸಿದ್ಧ ಮುದ್ರಿಕೆ ‘ಪೆಟ್ ಸೌಂಡ್ಸ್’ ಸೇರಿದಂತೆ ನೂರಾರು ಹಾಡುಗಳಲ್ಲಿ ಅವರ ಕೈಯಿದೆ. ಕೇಳಿದವರು ಅಸಂಖ್ಯ, ಹೆಸರು ಬಲ್ಲವರು ಕೆಲವರು. ಆದರೆ ಕೇ 1969ರಲ್ಲಿ ವಿದ್ಯುತ್ ಬೇಸ್ ಕಲಿಸುವ ಪುಸ್ತಕವೊಂದನ್ನು ಬರೆದು ಪ್ರಕಟಿಸಿದರು. ತಾವು ಕಲಿತದ್ದನ್ನು ಮುಂದಿನವರ ಕೈಗೆ ದಾಟಿಸುವ ಒಂದು ದಾರಿ ಅವರಿಗೆ ಸಿಕ್ಕಿತು. ಜೇಮರ್ಸನ್ನರಿಗೆ ಆ ದಾರಿ ಸಿಗಲಿಲ್ಲ.

ಇಳಿಗಾಲ

1971ರಲ್ಲಿ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಹೊರಬಂತು. ವಿಯೆಟ್ನಾಮ್ ಯುದ್ಧ, ಬಡತನ, ಬೀದಿಗಳ ಹಿಂಸೆ ಇವುಗಳನ್ನು ಕಂಡು ಮರುಗುವ ಹಾಡುಗಳ ಗುಚ್ಛವದು. ಅದರ ಶೀರ್ಷಿಕೆ ಹಾಡನ್ನು ಮುದ್ರಿಸುವ ರಾತ್ರಿ ಗೇ ಅವರು ಕ್ಲಬ್ಬುಗಳಲ್ಲಿ ಹುಡುಕಾಡಿ ಜೇಮರ್ಸನ್ನರನ್ನು ಕರೆತಂದರೆಂದು ಹೇಳುತ್ತಾರೆ. ಕುಡಿದಿದ್ದ ಅವರಿಗೆ ಕುರ್ಚಿಯ ಮೇಲೆ ನೆಟ್ಟಗೆ ಕೂರಲಾಗದೆ, ನೆಲದ ಮೇಲೆ ಮಲಗಿಯೇ ನುಡಿಸಿದರಂತೆ. ಮನೆಗೆ ಬಂದು, ಇಂದು ಮಹತ್ತಾದ ಹಾಡೊಂದನ್ನು ಮುದ್ರಿಸಿದೆವೆಂದು ಹೆಂಡತಿಯ ಬಳಿ ಹೇಳಿಕೊಂಡರಂತೆ. ಈ ಪ್ರಸಂಗವನ್ನು ಹಲವರು ಪ್ರತಿಭೆಯ ಪವಾಡವೆಂಬಂತೆ ವರ್ಣಿಸುವುದುಂಟು. ಆದರೆ ನಾವು ಅದನ್ನು ಇನ್ನೊಂದು ಬಗೆಯಲ್ಲಿಯೂ ನೋಡಬೇಕಾಗಿದೆ. ಬೆರಳು ಇನ್ನೂ ಬಿಗಿಯಾಗಿತ್ತು, ಆದರೆ ಮನುಷ್ಯ ಕುಸಿಯತೊಡಗಿದ್ದ. ಮದ್ಯ ಅವರನ್ನು ಒಳಗಿನಿಂದ ತಿನ್ನುತ್ತಿತ್ತು. ಹಾಡು ಚೆನ್ನಾಗಿ ಬರುತ್ತಿರುವವರೆಗೆ ಸುತ್ತಲಿನವರಿಗೆ ಅದರ ಭೀಕರತೆ ಪೂರ್ತಿಯಾಗಿ ಕಾಣಲಿಲ್ಲ.

ಆ ಮುದ್ರಿಕೆಯ ಲಕೋಟೆಯ ಮೇಲೆ, ಮೋಟೌನ್ ಸಂಸ್ಥೆಯಲ್ಲಿ ಮೊದಲ ಬಾರಿಗೆ ಎಂಬಂತೆ, ವಾದಕರ ಹೆಸರುಗಳು ಅಚ್ಚಾದವು. ಜೇಮರ್ಸನ್ ಹೆಸರಿನ ಹಿಂದೆ ಅನುಪಮ ಎಂಬ ಅರ್ಥದ ವಿಶೇಷಣವೂ ಇತ್ತು. ಸಂಸ್ಥೆ ಸೇರಿ ಹನ್ನೆರಡು ವರ್ಷಗಳಾಗಿದ್ದವು.

ಮರುವರ್ಷ, 1972ರಲ್ಲಿ, ಸಂಸ್ಥೆ ಡೆಟ್ರಾಯಿಟ್ ಬಿಟ್ಟು ಲಾಸ್ ಏಂಜಲೀಸ್‌ಗೆ ಹೊರಟುಹೋಯಿತು. ವಾದಕರಲ್ಲಿ ಕೆಲವರಿಗೆ ಸುದ್ದಿ ತಿಳಿದದ್ದು ಸ್ಟುಡಿಯೋದ ಬಾಗಿಲಿಗೆ ಅಂಟಿಸಿದ್ದ ಚೀಟಿಯಿಂದ ಎಂದು ಅವರು ನೆನೆಸಿಕೊಳ್ಳುತ್ತಾರೆ. ಜೇಮರ್ಸನ್ನರೂ ಆ ದೂರದ ನಗರಕ್ಕೆ ಹೋಗಿ ನೆಲೆಸಲು ಯತ್ನಿಸಿದರು. ಆದರೆ ಅಲ್ಲಿ ಹಳೆಯ ಸಂಗಡಿಗರಿರಲಿಲ್ಲ. ಎಲ್ಲರೂ ಒಂದೇ ಕೊಠಡಿಯಲ್ಲಿ ಕಣ್ಣಲ್ಲಿ ಕಣ್ಣಿಟ್ಟು ನುಡಿಸುವ ಪದ್ಧತಿ ಕಡಿಮೆಯಾಗಿತ್ತು. ಹೊಸ ತಂತಿಗಳ ಕಣಕಣ ನಾದ, ಹೆಬ್ಬೆರಳಿನಿಂದ ಬಡಿದು ನುಡಿಸುವ ಶೈಲಿ ಚಾಲ್ತಿಗೆ ಬಂದಿದ್ದವು. ನಿರ್ಮಾಪಕರು ಹೊಸತನ್ನು ಕೇಳಿದರು. ಅವರು ತಮ್ಮ ಹಳೆಯ ತಂತಿಗಳನ್ನು ಬದಲಿಸಲು ಒಪ್ಪಲಿಲ್ಲ. ಕುಡಿತ ಹೆಚ್ಚಿತು, ಕೆಲಸ ಕಡಿಮೆಯಾಯಿತು. ಇದರಲ್ಲಿ ಕಾಲದ ತಪ್ಪೆಷ್ಟು, ಅವರ ಹಟದ ಪಾಲೆಷ್ಟು, ರೋಗದ ಪಾಲೆಷ್ಟು ಎಂದು ತೂಗಿ ಹೇಳುವುದು ನಮ್ಮಿಂದಾಗದು.

1983ರ ಮಾರ್ಚ್ ತಿಂಗಳಲ್ಲಿ ಮೋಟೌನ್ ಸಂಸ್ಥೆಯ 25 ವರ್ಷಗಳ ಸಂಭ್ರಮಕ್ಕಾಗಿ ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ದೂರದರ್ಶನದ ಭಾರೀ ಕಾರ್ಯಕ್ರಮವೊಂದನ್ನು ಚಿತ್ರೀಕರಿಸಲಾಯಿತು. ಆ ವೇದಿಕೆಯ ಮೇಲೆ ಮಿಂಚಿದ ತಾರೆಗಳಲ್ಲಿ ಎಷ್ಟೋ ಮಂದಿಯ ಹಾಡುಗಳಿಗೆ ತಳಪಾಯ ಹಾಕಿದ ಮನುಷ್ಯ, ತಾನೇ ಟಿಕೆಟು ಕೊಂಡು, ಬಾಲ್ಕನಿಯ ಆಸನವೊಂದರಲ್ಲಿ ಕುಳಿತು ಅದನ್ನು ನೋಡಿದರು. ಕೆಲವು ತಿಂಗಳುಗಳ ಬಳಿಕ ಅವರ ಪ್ರೀತಿಯ 1962ರ ಬೇಸ್ ಕಳುವಾಯಿತು. ಅದಾದ ಕೆಲವೇ ದಿನಗಳಲ್ಲಿ, 1983ರ ಆಗಸ್ಟ್ 2ರಂದು, ಯಕೃತ್ತಿನ ರೋಗ ಉಲ್ಬಣಿಸಿ ಜೇಮರ್ಸನ್ ತೀರಿಕೊಂಡರು. ಆಗ ಅವರಿಗೆ 47 ವರ್ಷ.

ಮಾತಿನಿಂದ ಮರಳಿ ಬಂದ ಹೆಸರು

ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಮುಗಿಯದಂತೆ ತಡೆದದ್ದು ಬೇಸ್ ವಾದಕರ ನಡುವಿನ ಮಾತುಕತೆ. ಅಲನ್ ಸ್ಲಟ್ಸ್ಕಿ ಎಂಬ ಗಿಟಾರ್ ವಾದಕರು ಜೇಮರ್ಸನ್ನರ ಪತ್ನಿಯನ್ನೂ ಸಂಗಡಿಗರನ್ನೂ ಹುಡುಕಿಕೊಂಡು ಹೋಗಿ ಅವರ ನೆನಪುಗಳನ್ನು ಕೇಳಿ ಬರೆದುಕೊಂಡರು. ಹಾಡುಗಳ ಬೇಸ್ ಸ್ವರಗಳನ್ನು ಒಂದೊಂದಾಗಿ ಕಿವಿಯಿಂದ ಬಿಡಿಸಿ ಸ್ವರಲಿಪಿಗೆ ಇಳಿಸಿದರು. 1989ರಲ್ಲಿ ಅದು ‘ಸ್ಟ್ಯಾಂಡಿಂಗ್ ಇನ್ ದ ಶ್ಯಾಡೋಸ್ ಆಫ್ ಮೋಟೌನ್’ ಎಂಬ ಪುಸ್ತಕವಾಯಿತು. ಅದರ ಜೊತೆಗೆ ಬಂದ ಧ್ವನಿಸುರುಳಿಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೆಸರಾಂತ ಬೇಸ್ ವಾದಕರು ಜೇಮರ್ಸನ್ನರ ವಾದನವನ್ನು ನುಡಿಸಿ ತೋರಿಸಿದರು, ಅವರ ಬಗ್ಗೆ ಮಾತನಾಡಿದರು. ಮೆಕಾರ್ಟ್ನಿಯವರೂ ಅವರಲ್ಲಿ ಒಬ್ಬರು. ಪ್ರಸಿದ್ಧರು ತಮ್ಮ ಕೀರ್ತಿಯನ್ನು ಪಕ್ಕಕ್ಕಿಟ್ಟು ಇನ್ನೊಬ್ಬನ ಕೈಕೆಲಸಕ್ಕೆ ಸಾಕ್ಷಿ ನುಡಿದ ಅಪರೂಪದ ಘಟನೆಯದು.

ಅಲ್ಲಿಂದ ಮುಂದೆ ಬಾಗಿಲುಗಳು ತೆರೆದವು. 2000ದಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಹಿನ್ನೆಲೆ ವಾದಕರಿಗೆಂದೇ ಗೌರವವೊಂದನ್ನು ಆರಂಭಿಸಿತು. ಮೊದಲ ವರ್ಷ ಗೌರವ ಪಡೆದ ಐವರಲ್ಲಿ ಜೇಮರ್ಸನ್ ಒಬ್ಬರು. 2002ರಲ್ಲಿ ಆ ಪುಸ್ತಕದ ಹೆಸರಿನಲ್ಲೇ ಸಾಕ್ಷ್ಯಚಿತ್ರ ಬಂತು; ಬದುಕುಳಿದಿದ್ದ ಮುದಿ ವಾದಕರು ಕೊನೆಗೂ ವೇದಿಕೆಯ ಮುಂಭಾಗಕ್ಕೆ ಬಂದು ನುಡಿಸಿದರು. 2004ರಲ್ಲಿ ಫಂಕ್ ಬ್ರದರ್ಸ್ ತಂಡಕ್ಕೆ ಗ್ರ್ಯಾಮಿ ಜೀವಮಾನ ಸಾಧನೆಯ ಗೌರವ ಸಂದಿತು. 1985ರಲ್ಲಿಯೇ ವಸ್ತುಸಂಗ್ರಹಾಲಯವಾಗಿದ್ದ ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡಿನ ಆ ಮನೆಗೆ ಬರುವವರು ಈಗ ಗಾಯಕರ ಜೊತೆಗೆ ವಾದಕರ ಹೆಸರುಗಳನ್ನೂ ಕೇಳುತ್ತಾರೆ.

ಇದನ್ನೆಲ್ಲ ಓದುವಾಗ ಸಂತೋಷವೂ ಆಗುತ್ತದೆ, ಸಂಕಟವೂ ಆಗುತ್ತದೆ. ಹೂಮಾಲೆಗಳೆಲ್ಲ ಬಂದವು, ಆದರೆ ಕೊರಳು ಇಲ್ಲದ ಮೇಲೆ ಬಂದವು.

ನಮ್ಮ ಮನೆಯ ಹಿಂದಿನ ಸಾಲು

ಓದುಗರೇ, ದೂರದ ದೇಶದ ಈ ಕಥೆ ನಮಗೇಕೆ ಎಂದು ನೀವು ಕೇಳಬಹುದು. ನಮ್ಮ ಕನ್ನಡ ಚಿತ್ರಗೀತೆಗಳ ಹಳೆಯ ಕ್ಯಾಸೆಟ್ಟುಗಳು ನಿಮ್ಮ ಮನೆಯಲ್ಲಿದ್ದರೆ ಒಮ್ಮೆ ತೆಗೆದು ನೋಡಿರಿ. ಗಾಯಕರ ಹೆಸರಿದೆ, ಸಂಗೀತ ನಿರ್ದೇಶಕರ ಹೆಸರಿದೆ, ಕವಿಯ ಹೆಸರಿದೆ. ಮದರಾಸಿನ ಸ್ಟುಡಿಯೋಗಳಲ್ಲಿ ಕುಳಿತು ಪಿಟೀಲು, ಕೊಳಲು, ತಬಲ, ಬೇಸ್ ಗಿಟಾರ್ ನುಡಿಸಿದವರ ಹೆಸರುಗಳು ಸಾಮಾನ್ಯವಾಗಿ ಇರುವುದಿಲ್ಲ. 1981ರ ‘ಗೀತಾ’ ಚಿತ್ರದ, ಇಳಯರಾಜ ಸಂಗೀತದ ಹಾಡುಗಳನ್ನು ಬೇಸ್ ಗಿಟಾರಿನ ಕಡೆ ಕಿವಿಯಿಟ್ಟು ಕೇಳಿರಿ. ನಾಲ್ಕು ದಶಕಗಳಿಂದ ಗುನುಗಿಕೊಂಡು ಬಂದ ಹಾಡಿನೊಳಗೆ ಇನ್ನೊಂದು ಹಾಡೇ ಅಡಗಿತ್ತೆಂದು ನಿಮಗೆ ಅಚ್ಚರಿಯಾದೀತು.

ಇನ್ನೂ ಹತ್ತಿರಕ್ಕೆ ಬರೋಣ. ನಮ್ಮ ಧರ್ಮಕೇಂದ್ರದ ಹಬ್ಬ ಚೆನ್ನಾಗಿ ನಡೆದಾಗ ವೇದಿಕೆಯ ಮೇಲಿದ್ದವರಿಗೆ ಶಾಲು ಹೊದಿಸುತ್ತೇವೆ. ಮುಂಜಾನೆ ನಾಲ್ಕಕ್ಕೆ ಎದ್ದು ಪೀಠದ ಹೂ ಕಟ್ಟಿದವರು, ಮಳೆಯಲ್ಲಿ ನೆನೆದು ಧ್ವನಿವರ್ಧಕದ ತಂತಿ ಎಳೆದವರು, ಅಡುಗೆಯ ಹೊಗೆಯಲ್ಲಿ ಕಣ್ಣು ಕೆಂಪಾದವರು ಕಾರ್ಯಕ್ರಮದ ಪಟ್ಟಿಯಲ್ಲಿ ಇರುವುದಿಲ್ಲ. ನಮ್ಮ ಮನೆಗಳಲ್ಲಿಯೂ ಹೀಗೆಯೇ. ಮಕ್ಕಳ ಅಂಕಪಟ್ಟಿಯ ಮೇಲೆ ತಾಯಿಯ ನಿದ್ರೆಗೆಟ್ಟ ರಾತ್ರಿಗಳ ಲೆಕ್ಕವಿಲ್ಲ. ಮನೆಯ ಹಿರಿಯಣ್ಣನು ತನ್ನ ಓದನ್ನು ನಿಲ್ಲಿಸಿ ತಮ್ಮಂದಿರನ್ನು ಓದಿಸಿದ ಸಂಗತಿ ಯಾವ ಲಕೋಟೆಯ ಮೇಲೂ ಅಚ್ಚಾಗಿಲ್ಲ.

ತೆರೆಮರೆಯಲ್ಲಿ ದುಡಿಯುವವರಿಗೆ ಹೆಸರಿನ ಆಸೆ ಇರಬಾರದೆಂದು ನಾವು ಸುಲಭವಾಗಿ ಉಪದೇಶ ಮಾಡುತ್ತೇವೆ. ವಿನಯ ದೊಡ್ಡ ಗುಣವೇ ಸರಿ. ಆದರೆ ವಿನಯ ದುಡಿಯುವವನ ಗುಣವಾಗಿರಬೇಕೇ ಹೊರತು, ಅದರ ಲಾಭ ಪಡೆಯುವವನ ನೆಪವಾಗಬಾರದು. ಅವನು ಹೆಸರು ಕೇಳದಿರುವುದು ಅವನ ದೊಡ್ಡತನ. ನಾವು ಹೆಸರು ಹೇಳದಿರುವುದು ನಮ್ಮ ಸಣ್ಣತನ. ಇನ್ನೊಂದು ಮಾತೂ ಉಂಟು. ಜೇಮರ್ಸನ್ನರ ಸುತ್ತಲಿದ್ದವರಿಗೆ ಅವರ ಬೆರಳು ಬೇಕಾಗಿತ್ತು, ಬೆರಳು ಸರಿಯಾಗಿ ನಡೆಯಿತು. ಬೆರಳಿನ ಹಿಂದಿದ್ದ ಮನುಷ್ಯನ ಕ್ಷೇಮವನ್ನು ವಿಚಾರಿಸುವುದು ತಡವಾಯಿತು. ಕೆಲಸವನ್ನು ಮೆಚ್ಚುವುದಷ್ಟೇ ಸಾಲದು. ಕೆಲಸ ಮಾಡಿದವರು ಹೇಗಿದ್ದಾರೆ ಎಂದು ಕೇಳುವುದೂ ನಮ್ಮ ಕರ್ತವ್ಯ.

ಆದ್ದರಿಂದ ಮುಂದಿನ ಭಾನುವಾರದ ಆ ಪ್ರಯೋಗವನ್ನು ಮರೆಯಬೇಡಿ. ಹಿಂದಿನ ಸಾಲಿನ ತಗ್ಗಿನ ಧ್ವನಿಯನ್ನು ಗುರುತಿಸಿದ ಮೇಲೆ, ಬಲಿಪೂಜೆ ಮುಗಿದು ಎಲ್ಲರೂ ಹೊರಬರುವಾಗ ಅವರಲ್ಲಿ ಒಬ್ಬರ ಬಳಿಗೆ ಹೋಗಿರಿ. ಅವರ ಹೆಸರನ್ನು ಕೇಳಿ ತಿಳಿದುಕೊಳ್ಳಿರಿ. ನಿಮ್ಮ ಸ್ವರ ಕೇಳಿಸಿತು ಎಂದು ಹೇಳಿರಿ. ಅನಂತರ ಹೇಗಿದ್ದೀರಿ ಎಂದು ಕೇಳಿ, ಉತ್ತರ ಮುಗಿಯುವವರೆಗೂ ನಿಂತು ಕೇಳಿರಿ.